ಮರಿ ಮೀನಿನ ಅಳತೆಯ ತೂತು

ನಮ್ಮ ಯಾರ್ಡಿನಲ್ಲಿ ಎರಡು ಥರದ ರಿಂಗ್ ಮಾಡುತ್ತೇವೆ. ಒಂದು ಬಾವಿಗೆ, ಇನ್ನೊಂದು ಇಂಗುಗುಂಡಿಗೆ. ಅಚ್ಚು ಒಂದೇ. ಮೂರಡಿ ಅಗಲ, ಒಂದಡಿ ಎತ್ತರ. ಬಾವಿ ರಿಂಗಿನ ಗೋಡೆ ಸುತ್ತಲೂ ಗಟ್ಟಿ. ಇಂಗುಗುಂಡಿಯ ರಿಂಗಿಗೆ ಮಾತ್ರ ಅಚ್ಚಿನೊಳಗೆ ಎರಡಿಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಎಣ್ಣೆ ಹಚ್ಚಿ ಅಡ್ಡ ಇಡುತ್ತೇವೆ. ಕಾಂಕ್ರೀಟ್ ಸ್ವಲ್ಪ ಬಿಗಿಯುತ್ತಿದ್ದಂತೆ ತಿರುಗಿಸಿ ಎಳೆದರೆ ಗುಂಡಗಿನ ತೂತು ಉಳಿಯುತ್ತದೆ. ಒಂದು ರಿಂಗಿಗೆ ಹದಿನಾರು ತೂತು, ಎರಡು ಸಾಲಿನಲ್ಲಿ.

ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೈವೇ ಪಕ್ಕ ಅಪ್ಪ ಶುರು ಮಾಡಿದ ಯಾರ್ಡ್ ಇದು. ಸಿವಿಲ್ ಡಿಪ್ಲೊಮಾ ಮುಗಿಸಿ ಬಂದ ಮೇಲೆ ನಾನು ನೋಡಿಕೊಳ್ಳುತ್ತಿದ್ದೇನೆ. ರಿಂಗ್, ಬೇಲಿ ಕಂಬ, ಹಾಲೋ ಬ್ಲಾಕ್. ದಿನವಿಡೀ ಜಲ್ಲಿ, ಸಿಮೆಂಟ್, ನೀರು. ಮೀನಿನ ಬಗ್ಗೆ ಬರೆಯುತ್ತೇನೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಮೂರು ವರ್ಷದ ಹಿಂದೆ ಲೋಡ್ ಮಾಡುವಾಗ ಎರಡು ರಿಂಗುಗಳ ಅಂಚು ಒಡೆಯಿತು. ಒಂದು ಬಾವಿಯದ್ದು, ಒಂದು ಇಂಗುಗುಂಡಿಯದ್ದು. ಗಿರಾಕಿಗೆ ಕೊಡುವ ಹಾಗಿಲ್ಲ. ಸೋದರಮಾವ ತನ್ನ ಮನೆ ಹಿಂದಿನ ಹೊಳೆದಂಡೆ ಕುಸಿಯುತ್ತಿದೆ ಅಂತ ಎರಡನ್ನೂ ಕೊಂಡೊಯ್ದರು. ಅವರ ಮನೆ ಇರುವುದು ಸೌಪರ್ಣಿಕಾ ಗಂಗೊಳ್ಳಿಯ ಅಳಿವೆಗೆ ಇಳಿಯುವ ಕಡೆ. ಉಬ್ಬರಕ್ಕೆ ಉಪ್ಪುನೀರು ಅಂಗಳದ ತೆಂಗಿನ ಬುಡದವರೆಗೂ ಬರುತ್ತದೆ. ದೋಣಿ ಕಟ್ಟುವ ಮೆಟ್ಟಿಲಿನ ಪಕ್ಕ ರಿಂಗ್ ಇಟ್ಟು ಮಣ್ಣು ತುಂಬಿದರು. ಆ ಮಳೆಗಾಲದ ನೆರೆಗೆ ಮಣ್ಣೂ ಹೋಯಿತು, ರಿಂಗುಗಳೂ ಉರುಳಿ ಸೊಂಟದಾಳದ ನೀರಿನಲ್ಲಿ ಕೂತವು. ಎತ್ತುವ ಗೋಜಿಗೆ ಯಾರೂ ಹೋಗಲಿಲ್ಲ.

ಜನವರಿಯಲ್ಲಿ ಹೊಳೆ ತಿಳಿಯಾಯಿತು. ಒಂದು ಭಾನುವಾರ ಬೆಳಿಗ್ಗೆ ಅತ್ತೆ ಮೀನು ಸೋಸುತ್ತಿದ್ದರು. ನಾನು ಮೆಟ್ಟಿಲಿನ ಕೊನೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ನೀರು ಇಳಿಯುತ್ತಿತ್ತು. ತೂತಿರುವ ರಿಂಗಿನ ಗೋಡೆಯಲ್ಲಿ ಏನೋ ಅಲುಗಿದಂತಾಯಿತು. ಬಗ್ಗಿ ನೋಡಿದರೆ ಒಂದು ತೂತಿನ ಬಾಯಿಯಲ್ಲಿ ಪುಟ್ಟ ತಲೆ. ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ ಇರಬಹುದು. ಕಂದು ಮೈ, ಮೇಲೆ ಚುಕ್ಕೆ. ಮುರು, ಅಂದರೆ ಗ್ರೂಪರ್ ಮೀನಿನ ಮರಿ. ಪಕ್ಕದ ರೆಕ್ಕೆಗಳು ಬೀಸಣಿಗೆಯ ಹಾಗೆ ನಿಧಾನವಾಗಿ ಆಡುತ್ತಿದ್ದವು. ಆದರೆ ಮೈ ಒಂದಿಂಚೂ ಮುಂದೆ ಬರುತ್ತಿರಲಿಲ್ಲ. ಏನೋ ಕಣದಷ್ಟು ಚಿಕ್ಕದು ತೇಲಿಬಂದರೆ ಚಕ್ಕನೆ ಅರ್ಧ ಅಡಿ ಮುಂದೆ ಹೋಗಿ ಬಾಯಿಗೆ ಹಾಕಿಕೊಂಡು ಮತ್ತೆ ಅದೇ ತೂತಿಗೆ. ನನ್ನ ನೆರಳು ಬಿದ್ದದ್ದೇ ತಡ, ಹಿಂದಕ್ಕೆ ಸರಿಯಿತು. ತಿರುಗಿಕೊಂಡು ಓಡಲಿಲ್ಲ. ತಲೆ ಹೊರಗೇ ಇಟ್ಟುಕೊಂಡು ಹಿಂದಕ್ಕೆ ಸರಿಯಿತು.

ಪಕ್ಕದ ಬಾವಿ ರಿಂಗಿನಲ್ಲಿ ಏನೂ ಇರಲಿಲ್ಲ. ಅದೇ ಸಿಮೆಂಟ್, ಅದೇ ಜಲ್ಲಿ, ಅದೇ ನೀರು. ನಡುವೆ ಎರಡಡಿ ಅಂತರ.

ಅಂದಿನಿಂದ ಹಿಡಿದ ಹುಚ್ಚು ಇದು. ಫೋನನ್ನು ವಾಟರ್‌ಪ್ರೂಫ್ ಚೀಲಕ್ಕೆ ಹಾಕಿ ಬಿದಿರು ಗಳುವಿಗೆ ಕಟ್ಟಿ ನೀರಿಗಿಳಿಸಿ ವಿಡಿಯೊ ಮಾಡಲು ಶುರು ಮಾಡಿದೆ. ಫೆಬ್ರವರಿ ಕೊನೆಯ ಹೊತ್ತಿಗೆ ತೂತಿನ ರಿಂಗಿನಲ್ಲಿ ಒಂಬತ್ತು ಮರಿಗಳನ್ನು ಒಂದೇ ಸಲ ಎಣಿಸಿದ್ದೇನೆ. ಎಲ್ಲವೂ ಮುರು ಅಲ್ಲ. ಬಾವಿ ರಿಂಗಿನ ಒಳಗೆ ದೊಡ್ಡ ಮೀನುಗಳು ಬಂದು ಹೋಗುತ್ತಿದ್ದವು. ಮರಿ ಮಾತ್ರ ನಿಲ್ಲುತ್ತಿರಲಿಲ್ಲ.

ಎರಡು ರಿಂಗಿನಿಂದ ಏನನ್ನೂ ಸಾಬೀತು ಮಾಡಲಾಗುವುದಿಲ್ಲ. ಆದರೆ ಇದನ್ನೇ ಸರಿಯಾಗಿ, ಲೆಕ್ಕ ಇಟ್ಟು ಮಾಡಿದವರಿದ್ದಾರೆ ಅಂತ ಆಮೇಲೆ ಓದಿ ತಿಳಿಯಿತು. ಮಾರ್ಕ್ ಹಿಕ್ಸನ್ ಮತ್ತು ಜೇಮ್ಸ್ ಬೀಟ್ಸ್ ಅನ್ನುವ ಇಬ್ಬರು ವಿಜ್ಞಾನಿಗಳು ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳ ಸೇಂಟ್ ಥಾಮಸ್‌ನಲ್ಲಿ ಕಾಂಕ್ರೀಟ್ ಬ್ಲಾಕ್ ಜೋಡಿಸಿ ಚಿಕ್ಕ ಚಿಕ್ಕ ಕೃತಕ ಬಂಡೆಗಳನ್ನು ಕಟ್ಟಿದರು. ಕೆಲವಕ್ಕೆ ತೂತೇ ಇಲ್ಲ. ಕೆಲವಕ್ಕೆ ಚಿಕ್ಕ ತೂತು, ಕೆಲವಕ್ಕೆ ದೊಡ್ಡದು, ಕೆಲವಕ್ಕೆ ಎರಡೂ. ಎಲ್ಲದರ ಗಾತ್ರ ಒಂದೇ, ತೂತು ಮಾತ್ರ ಬೇರೆ ಬೇರೆ. ಮುಳುಗಿ ಮುಳುಗಿ ಮೀನು ಎಣಿಸಿದರು. 1989 ಮತ್ತು 1993ರಲ್ಲಿ ಬರೆದರು. ತೂತಿರುವ ಕಡೆ ಚಿಕ್ಕ ಮೀನು ಜಾಸ್ತಿ. ಅದರಲ್ಲೂ ತನ್ನ ಮೈಯ ಅಳತೆಗೆ ಹತ್ತಿರದ ತೂತು ಇರುವ ಕಡೆ ಜಾಸ್ತಿ. ದೊಡ್ಡ ತೂತು ಇಟ್ಟರೆ ದೊಡ್ಡ ಬೇಟೆ ಮೀನು ಬಂದು ಕೂರುತ್ತದೆ. ಅದು ಕೂತ ಬಂಡೆಯಲ್ಲಿ ಚಿಕ್ಕವುಗಳ ಲೆಕ್ಕ ಮೇಲೇರುವುದೇ ಇಲ್ಲ.

ಮಾವನಿಗೆ ಇದನ್ನು ಹೇಳಿದೆ. ಅವರು ಬಲೆಗೆ ದಾರ ಪೋಣಿಸುತ್ತಾ, ತಲೆ ಎತ್ತದೆ, "ದೊಡ್ಡ ಮಾಟೆ ಇದ್ರೆ ದೊಡ್ಡದೇ ಬಪ್ಪುದು ಮಗಾ. ಮರಿ ಎಲ್ಲಿ ಉಳಿತ್?" ಅಂದರು. ಏಡಿಯ ಬಿಲಕ್ಕೂ ಮೀನು ಅಡಗುವ ಸಂದಿಗೂ ನಮ್ಮ ಕಡೆ ಮಾಟೆ ಅಂತಲೇ ಹೇಳುವುದು. ನಲವತ್ತು ವರ್ಷ ಕಲ್ಲಿನ ಜಾಗದಲ್ಲಿ ಗಾಳ ಹಾಕಿದವರಿಗೆ ಇದು ಹೊಸ ಸುದ್ದಿಯೇ ಅಲ್ಲ.

ಮರಿ ಮೀನಿಗೆ ಅಡಗಲು ಜಾಗ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಒಂದು ಲೆಕ್ಕವಿದೆ. ಹವಳದ ಬಂಡೆಯ ಬಹುತೇಕ ಮೀನುಗಳ ಮರಿಗಳು ಮೊದಲು ಬಂಡೆಯಲ್ಲಿ ಇರುವುದೇ ಇಲ್ಲ. ಮೊಟ್ಟೆಯೊಡೆದು ತೆರೆದ ಕಡಲಿನಲ್ಲಿ ಕೆಲವು ವಾರ ತೇಲಿಕೊಂಡು ಬೆಳೆಯುತ್ತವೆ. ಆಮೇಲೆ, ಹೆಚ್ಚಾಗಿ ರಾತ್ರಿ ಹೊತ್ತು, ಬಂಡೆಗೆ ಬಂದು ಇಳಿಯುತ್ತವೆ. ಹೀಗೆ ಇಳಿದ ಮೇಲಿನ ಒಂದೆರಡು ದಿನದಲ್ಲೇ ಸರಾಸರಿ 56 ಶೇಕಡ ಮರಿಗಳು ಯಾರದೋ ಬಾಯಿಗೆ ಹೋಗುತ್ತವೆ. ಗ್ಲೆನ್ ಆಲ್ಮನಿ ಮತ್ತು ಮೈಕೆಲ್ ವೆಬ್‌ಸ್ಟರ್ ಅನ್ನುವವರು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2006ರಲ್ಲಿ ಕೊಟ್ಟ ಅಂಕಿ ಇದು. ನೂರು ಮರಿ ಬಂದರೆ ನಾಡಿದ್ದಿಗೆ ನಲವತ್ತನಾಲ್ಕು. ಮೊದಲ ಎರಡು ರಾತ್ರಿ ತೂರಿಕೊಳ್ಳಲು ಒಂದು ಸಂದಿ ಸಿಕ್ಕಿತಾ ಇಲ್ಲವಾ ಅನ್ನುವುದರ ಮೇಲೆ ಆ ಮೀನಿನ ಬದುಕು ನಿಂತಿದೆ. ನಾವು ಕಾಂಕ್ರೀಟ್ ಹಾಕುವವರು ಆ ಸಂದಿಯನ್ನು ಅಚ್ಚಿನಲ್ಲೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ, ಅಲ್ವಾ?

ಮರಿಗಳು ಬಂಡೆಯನ್ನು ಹುಡುಕಿಕೊಂಡು ಬರುವುದು ಹೇಗೆ ಅಂತ ನನಗೆ ಭಾರಿ ಕುತೂಹಲವಿತ್ತು. ಕತ್ತಲು, ಅಷ್ಟು ದೊಡ್ಡ ಕಡಲು, ಒಂದು ಇಂಚೂ ಇಲ್ಲದ ಮೈ. ವಾಸನೆಯಿಂದ ಗೊತ್ತಾಗುತ್ತದೆ. ಸದ್ದಿನಿಂದಲೂ ಗೊತ್ತಾಗುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಲಿಜಾರ್ಡ್ ದ್ವೀಪದ ಹತ್ತಿರ ಸ್ಟೀವ್ ಸಿಂಪ್ಸನ್ ಮತ್ತು ಜೊತೆಗಾರರು ಸತ್ತ ಹವಳದ ತುಂಡುಗಳಿಂದ 24 ಗುಡ್ಡೆ ಮಾಡಿ, ಕೆಲವಕ್ಕೆ ನೀರಿನಡಿಯ ಸ್ಪೀಕರ್ ಇಟ್ಟು, ಜೀವಂತ ಬಂಡೆಯ ಸದ್ದನ್ನು ರಾತ್ರಿ ಹಾಕಿದರು. ಸದ್ದಿರುವ ಗುಡ್ಡೆಗೆ ಮರಿಗಳು ಜಾಸ್ತಿ ಇಳಿದವು. 2005ರ ಮಾತು ಇದು. ಅದೇ ಜಾಗದಲ್ಲಿ ಟಿಮ್ ಗಾರ್ಡನ್ ತಂಡ 40 ದಿನ ಸದ್ದು ಹಾಕಿ ನೋಡಿತು. ಸುಮ್ಮನಿದ್ದ ಗುಡ್ಡೆಗಳಿಗಿಂತ ಎರಡು ಪಟ್ಟು ಮೀನು. ಆ ವರದಿ 2019ರಲ್ಲಿ ಬಂತು.

ಜೀವಂತ ಬಂಡೆಯ ಸದ್ದು ಅಂದರೆ ಏನು? ಮುಖ್ಯವಾಗಿ ಒಂದು ಜಾತಿಯ ಪುಟ್ಟ ಸಿಗಡಿ ತನ್ನ ಇಕ್ಕಳದಂಥ ಕೊಂಬಿನಿಂದ ಚಿಟಿಕೆ ಹೊಡೆಯುವ ಸದ್ದು. ಸಾವಿರಾರು ಸೇರಿದರೆ ಚಟಪಟ ಅನ್ನುತ್ತದೆ. ಇದನ್ನು ಓದಿದ ದಿನ ಮಾವನಿಗೆ ಫೋನ್ ಮಾಡಿ ಕೇಳಿದೆ. ರಾತ್ರಿ ಲಂಗರು ಹಾಕಿ ದೋಣಿಯ ಅಡಿಹಲಗೆಗೆ ಕಿವಿ ಕೊಟ್ಟು ಮಲಗಿದರೆ ಅಕ್ಕಿ ಹುರಿದ ಹಾಗೆ ಕೇಳುತ್ತದೆ, ಕಲ್ಲಿನ ಜಾಗದಲ್ಲಿ ಜೋರು, ಮರಳಿನ ಜಾಗದಲ್ಲಿ ಇಲ್ಲ ಅಂದರು. ಅವರಿಗೆ ಅದು ಕಲ್ಲು ಎಲ್ಲಿದೆ ಅಂತ ಗುರುತು ಹಿಡಿಯುವ ದಾರಿ. ಮರಿ ಮೀನಿಗೂ ಅಷ್ಟೇ.

ಹಾಗಾದರೆ ಹೊಸದಾಗಿ ಇಳಿಸಿದ ಕಾಂಕ್ರೀಟ್ ಮೌನವಾಗಿರುತ್ತದೆ. ಅದು ಮಾತಾಡಬೇಕಾದರೆ ಮೊದಲು ಅದರ ಮೇಲೆ ಜೀವ ಹಿಡಿಯಬೇಕು. ಇದು ನನ್ನ ಕೆಲಸದ ವಿಷಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಸಿ ಕಾಂಕ್ರೀಟ್ ಬಹಳ ಕ್ಷಾರ. ಪಿಎಚ್ 12ರಿಂದ 13. ಅದಕ್ಕೇ ನಮ್ಮ ಹುಡುಗರ ಕೈ ಸುಡುವುದು. ಕಡಲ ನೀರು 8ರ ಆಸುಪಾಸು. ಸರಿಯಾಗಿ ಕ್ಯೂರಿಂಗ್ ಮಾಡಿ, ನೀರಿನಲ್ಲಿ ನೆನೆಸಿ, ಮೇಲ್ಮೈಯ ಸುಣ್ಣದಂಶ ಹೋಗಿಸಿ ಇಳಿಸಿದರೆ ಪಾಚಿ ಬೇಗ ಹಿಡಿಯುತ್ತದೆ. ಸಿಮೆಂಟಿನ ಒಂದು ಪಾಲನ್ನು ಕಬ್ಬಿಣದ ಕುಲುಮೆಯಲ್ಲಿ ಉಳಿಯುವ ಸ್ಲ್ಯಾಗ್ ಪುಡಿಯಿಂದ ಬದಲಿಸಿದರೆ ಇನ್ನೂ ಒಳ್ಳೆಯದು. ಉಪ್ಪುನೀರಿಗೂ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಇನ್ನೊಂದು, ನುಣುಪು. ನಾವು ಅಚ್ಚಿಗೆ ಎಣ್ಣೆ ಹಚ್ಚಿ, ವೈಬ್ರೇಟರ್ ಹಾಕಿ, ಕನ್ನಡಿ ಹಾಗೆ ಫಿನಿಶಿಂಗ್ ಬಂದರೆ ಖುಷಿ ಪಡುತ್ತೇವೆ. ಸಮುದ್ರಕ್ಕೆ ಅದು ಬೇಡ. ತರಿತರಿ ಇರಬೇಕು. ತರಿ ಇದ್ದರೆ ಪಾಚಿ ಹಿಡಿಯುತ್ತದೆ. ಪಾಚಿಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಸಿಗಡಿಯಂಥ ಹುಳುಗಳು ಸೇರುತ್ತವೆ. ಮರಿ ಮೀನು ತಿನ್ನುವುದು ಅವನ್ನೇ. ನನ್ನ ಮುರು ಮರಿ ಬಾಯಿಗೆ ಹಾಕಿಕೊಂಡದ್ದೂ ಬಹುಶಃ ಅಂಥದ್ದೇ ಇರಬೇಕು. ಮನೆ ಬಾಗಿಲಲ್ಲೇ ಊಟ ಸಿಕ್ಕರೆ ಅದು ದೂರ ಹೋಗುವ ಅಪಾಯ ತೆಗೆದುಕೊಳ್ಳುವುದಿಲ್ಲ.

ಎರಡನೇ ವರ್ಷ ಇನ್ನೊಂದು ಸಂಗತಿ ಕಂಡಿತು. ದೋಣಿಯ ಅಡಿಗೆ ಹಿಡಿಯುವ ಚೂಪು ಚಿಪ್ಪುಗಳು ತೂತಿನ ಒಳಗೋಡೆಗೂ ಹಿಡಿದು, ಎರಡಿಂಚಿನ ತೂತು ಒಂದಿಂಚಿನಷ್ಟಾಗಿತ್ತು. ಮುರು ಮರಿಗಳು ಆ ತೂತುಗಳನ್ನು ಬಿಟ್ಟಿದ್ದವು. ಅವುಗಳ ಜಾಗಕ್ಕೆ ಕಡ್ಡಿಯಂಥ ಪುಟ್ಟ ಮೀನು ಬಂದಿತ್ತು. ಬ್ಲೆನಿ ಅನ್ನುವ ಗುಂಪಿನದ್ದು. ಅದು ಬಾಲ ಮೊದಲು ಮಾಡಿ ತೂತಿಗೆ ಇಳಿಯುತ್ತದೆ. ಆಮೇಲೆ ಎರಡು ಕಣ್ಣು ಮಾತ್ರ ಹೊರಗೆ. ಸತ್ತ ಚಿಪ್ಪಿನ ಖಾಲಿ ಗೂಡಿನಲ್ಲೂ ಒಂದು ಕೂತಿತ್ತು. ಪೆನ್ನಿನ ಮುಚ್ಚಳದಷ್ಟು ಜಾಗ. ವಿಡಿಯೊವನ್ನು ನಿಧಾನ ಮಾಡಿ ನೋಡಿದರೆ ಒಂದು ಏಡಿ ಹತ್ತಿರ ಬಂದಾಗ ಅದು ಹೊರಗೆ ಹಾರಿ ಏಡಿಯ ಕಾಲಿಗೆ ಕುಟುಕಿ ಮತ್ತೆ ಬಾಲ ಮುಂದಾಗಿ ಒಳಗೆ ಹೋಯಿತು. ಅರ್ಧ ಸೆಕೆಂಡೂ ಆಗಲಿಲ್ಲ.

ಅದೇ ವರ್ಷ ರಿಂಗ್ ಸ್ವಲ್ಪ ವಾಲಿ ಅಡಿಯಲ್ಲಿ ಗೇಣಗಲದ ಸಂದಿ ಬಿದ್ದಿತ್ತು. ಅಲ್ಲೊಂದು ದೊಡ್ಡ ಮುರು ಬಂದು ನೆಲೆಸಿತು. ಒಂದೂವರೆ ಕೆಜಿ ಇದ್ದಿರಬಹುದು. ಆ ಬದಿಯ ತೂತುಗಳು ಒಂದೇ ವಾರದಲ್ಲಿ ಖಾಲಿ. ಎದುರು ಬದಿಯಲ್ಲಿ ಮರಿಗಳಿದ್ದವು, ಆದರೆ ಮೊದಲಿನ ಹಾಗೆ ಹೊರಗೆ ಬರುತ್ತಿರಲಿಲ್ಲ. ತೇಲಿಬಂದ ಆಹಾರವನ್ನೂ ಬಿಟ್ಟುಬಿಡುತ್ತಿದ್ದವು. ನನಗೆ ಹೆಚ್ಚು ತಟ್ಟಿದ್ದು ಇದು. ತಿನ್ನಿಸಿಕೊಂಡು ಸಾಯುವುದು ಒಂದು. ಹೆದರಿ ಒಳಗೇ ಕೂತು ಹೊಟ್ಟೆ ತುಂಬದೆ ಸಣ್ಣಗೇ ಉಳಿಯುವುದು ಇನ್ನೊಂದು.

ಅಮೆರಿಕದ ಅಲಬಾಮಾ ಕರಾವಳಿಯಲ್ಲಿ ಇದನ್ನು ದೊಡ್ಡದಾಗಿ ನೋಡಿದ್ದಾರೆ. ಅಲ್ಲಿ ಕೃತಕ ಬಂಡೆಗೆಂದೇ ಸಾವಿರ ಚದರ ಮೈಲಿಗೂ ಹೆಚ್ಚು ಕಡಲನ್ನು ಬಿಟ್ಟಿದ್ದಾರೆ. ರೆಡ್ ಸ್ನ್ಯಾಪರ್ ಅನ್ನುವ ಕೆಂಪು ಮೀನಿಗೆ ಅದು ಹೆಸರುವಾಸಿ. ಆಬರ್ನ್ ವಿಶ್ವವಿದ್ಯಾಲಯದ ಸ್ಟೀಫನ್ ಸೆಡ್ಲ್‌ಮೇಯರ್ ಮತ್ತು ಅವರ ವಿದ್ಯಾರ್ಥಿಗಳು ಮರಿಗಳಿಗೆಂದು ಚಿಕ್ಕ ಬಂಡೆಗಳನ್ನು ಮಾಡಿ, ಕೆಲವನ್ನು ದೊಡ್ಡ ಬಂಡೆಯಿಂದ 15 ಮೀಟರ್ ದೂರದಲ್ಲಿ, ಕೆಲವನ್ನು 500 ಮೀಟರ್ ದೂರದಲ್ಲಿ ಇಟ್ಟರು. ದೂರದಲ್ಲಿದ್ದವುಗಳಲ್ಲಿ ಆ ವರ್ಷದ ಮರಿಗಳು ಜಾಸ್ತಿ. ದೊಡ್ಡ ಮೀನುಗಳ ನೆರೆಹೊರೆ ಮರಿಗಳಿಗೆ ಆಗಿಬರುವುದಿಲ್ಲ. ಆ ಮರಿಗಳು ಮೊದಲು ಇಳಿಯುವುದೂ ಎತ್ತರದ ಬಂಡೆಗಲ್ಲ. ಚಿಪ್ಪು ಚೂರು ಹರಡಿದ ತಗ್ಗು ನೆಲಕ್ಕೆ. ಬೆಳೆದ ಮೇಲೆ ದೊಡ್ಡ ಬಂಡೆಗೆ ಹೋಗುತ್ತವೆ. ನಾವು ಮಾತ್ರ ಮರಿಗೂ ದೊಡ್ಡದಕ್ಕೂ ಒಂದೇ ಮನೆ ಕಟ್ಟಿ ಇಬ್ಬರೂ ಸಂಸಾರ ಮಾಡಲಿ ಅಂತೇವೆ.

ನೆರಳೂ ಲೆಕ್ಕಕ್ಕೆ ಬರುತ್ತದೆ. ಸಿಯಾಟಲ್ ನಗರದ ಕಡಲತಡಿಯ ಗೋಡೆಯನ್ನು ಹೊಸದಾಗಿ ಕಟ್ಟಿ 2017ರಲ್ಲಿ ಮುಗಿಸಿದರು. ಅದು ಬಂಡೆಯಲ್ಲ, ತಡೆಗೋಡೆ. ಆದರೂ ಒಂದು ಕಾರಣಕ್ಕೆ ಇಲ್ಲಿ ಹೇಳುತ್ತಿದ್ದೇನೆ. ಹೊಳೆಯಿಂದ ಕಡಲಿಗೆ ಹೊರಟ ಸಾಲ್ಮನ್ ಮರಿಗಳು ದಡದ ಆಳವಿಲ್ಲದ ನೀರಿನಲ್ಲೇ ಸಾಗುತ್ತವೆ. ಧಕ್ಕೆಯ ಅಡಿಯ ಕತ್ತಲು ಎದುರಾದರೆ ನಿಂತುಬಿಡುತ್ತವೆ, ಒಳಗೆ ಹೋಗುವುದಿಲ್ಲ. ಅದಕ್ಕೆ ಅಲ್ಲಿ ಮೇಲಿನ ಫುಟ್‌ಪಾತಿಗೆ ಗಾಜಿನ ಬಿಲ್ಲೆಗಳನ್ನು ಕೂರಿಸಿ ಬೆಳಕು ಕೆಳಗಿಳಿಯುವಂತೆ ಮಾಡಿದರು. ಗೋಡೆಯ ಮುಖಕ್ಕೆ ತರಿ ಮತ್ತು ಅಂಚುಗಳನ್ನು ಕೊಟ್ಟರು, ಬುಡದಲ್ಲಿ ಮೆಟ್ಟಿಲಿನಂಥ ಆಳವಿಲ್ಲದ ಜಾಗ ಮಾಡಿದರು. ಬೆರಳುದ್ದದ ಮೀನು ದಾರಿ ತಪ್ಪಬಾರದು ಅಂತ ಜನ ನಡೆಯುವ ಫುಟ್‌ಪಾತನ್ನೇ ಬದಲಿಸಿದ ಆ ಎಂಜಿನಿಯರುಗಳ ಮೇಲೆ ನನಗೆ ತುಂಬಾ ಗೌರವ.

ನಮ್ಮ ದೇಶದ ವಿಷಯಕ್ಕೆ ಬರುತ್ತೇನೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಬಹಳ ವರ್ಷಗಳಿಂದ ಕೃತಕ ಬಂಡೆಗಳನ್ನು ವಿನ್ಯಾಸ ಮಾಡುತ್ತಿದೆ. ತಮಿಳುನಾಡಿನ ಕರಾವಳಿಯಲ್ಲಿ ಇವು ಹಳೆಯವು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಬಂದ ಮೇಲೆ ಕೆಲಸ ದೊಡ್ಡದಾಗಿದೆ. ಕೇರಳದ ತಿರುವನಂತಪುರ ಜಿಲ್ಲೆಯೊಂದರಲ್ಲೇ 42 ಮೀನುಗಾರರ ಊರುಗಳ ಎದುರು 6,300 ಕಾಂಕ್ರೀಟ್ ಬಂಡೆಗಳು. ಒಂದೊಂದು ಊರಿಗೆ 150. ಅದರಲ್ಲಿ ತ್ರಿಕೋನದ್ದು 80, ಹೂವಿನಾಕಾರದ್ದು 35, ಪೈಪಿನದ್ದು 35. ಒಟ್ಟು 13.02 ಕೋಟಿ ರೂಪಾಯಿ. ಭಾಗಿಸಿ ನೋಡಿದೆ. ಒಂದಕ್ಕೆ ಸುಮಾರು 20,700 ರೂಪಾಯಿ. ಬಾರ್ಜು, ಕ್ರೇನು, ಜಾಗದ ಸರ್ವೆ ಎಲ್ಲ ಸೇರಿ ಇದು ಜಾಸ್ತಿಯಲ್ಲ. ಇದೇ ಯೋಜನೆಯಲ್ಲಿ ನಮ್ಮ ಕರಾವಳಿಗೂ ಬಂಡೆಗಳು ಬರುತ್ತಿವೆ.

ಇದರಿಂದ ಸಣ್ಣ ದೋಣಿಯವರಿಗೆ ಅನುಕೂಲವಿದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ದೂರ ಹೋಗದೆ ಗಾಳಕ್ಕೆ ಮೀನು ಸಿಗುತ್ತದೆ, ಡೀಸೆಲ್ ಉಳಿಯುತ್ತದೆ. ಬಂಡೆ ಇರುವ ಕಡೆ ಟ್ರಾಲ್ ಬೋಟಿನವರು ಬಲೆ ಎಳೆಯಲು ಹಿಂಜರಿಯುತ್ತಾರೆ. ಅದೊಂದೇ ಸಾಕು, ಎಷ್ಟೋ ಮರಿ ಉಳಿಯುತ್ತವೆ. ನನ್ನ ಚಿಂತೆ ಬೇರೆ. ಬಂಡೆ ಹಾಕಿದ ಮೇಲೆ ಮೀನು ಜಾಸ್ತಿ ಸಿಗುವುದು ಎರಡು ಕಾರಣಕ್ಕೆ ಇರಬಹುದು. ಮೀನು ನಿಜವಾಗಿ ಹೆಚ್ಚಾಗಿರಬಹುದು. ಇಲ್ಲವೇ ಸುತ್ತಲಿನ ಕಡಲಿನಲ್ಲಿ ಹರಡಿಕೊಂಡಿದ್ದದ್ದು ಒಂದೇ ಕಡೆ ಸೇರಿರಬಹುದು. ಜೇಮ್ಸ್ ಬೋನ್‌ಸ್ಯಾಕ್ ಅನ್ನುವ ವಿಜ್ಞಾನಿ 1989ರಲ್ಲೇ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಇಟ್ಟರು. ಇವತ್ತಿಗೂ ಅದರ ಚರ್ಚೆ ಮುಗಿದಿಲ್ಲ. ಎರಡನೆಯದ್ದಾದರೆ ನಾವು ಕಟ್ಟಿದ್ದು ಮನೆಯಲ್ಲ, ಬೋನು.

ನಮ್ಮಲ್ಲೇ ಇದಕ್ಕೆ ಉದಾಹರಣೆ ಇದೆ. ಕಪ್ಪೆ ಬೊಂಡಾಸ್, ಅಂದರೆ ಕಟಲ್‌ಫಿಶ್ ಹಿಡಿಯಲು ತೆಂಗಿನ ಗೊನೆಯ ಒಣ ಕಡ್ಡಿಗಳನ್ನು ಕಟ್ಟು ಕಟ್ಟಿ, ಮರಳಿನ ಚೀಲದ ಭಾರಕ್ಕೆ ಬಿಗಿದು ಕಡಲಿಗೆ ಇಳಿಸುತ್ತಾರೆ. ಹೆಣ್ಣು ಬೊಂಡಾಸ್ ಮೊಟ್ಟೆ ಅಂಟಿಸಲು ಇಂಥ ಕಡ್ಡಿಯನ್ನೇ ಹುಡುಕಿಕೊಂಡು ಬರುತ್ತದೆ. ದ್ರಾಕ್ಷಿ ಗೊಂಚಲಿನ ಹಾಗೆ ಮೊಟ್ಟೆ ನೇತುಹಾಕುತ್ತದೆ. ಅಲ್ಲೇ ಗಾಳ ಹಾಕಿ ಹಿಡಿಯುತ್ತಾರೆ. ತಾಯಿಯೂ ಹೋಯಿತು, ಕಡ್ಡಿ ಕೊಚ್ಚಿ ಹೋದರೆ ಮೊಟ್ಟೆಯೂ ಹೋಯಿತು. ಈ ವಿಷಯಕ್ಕೆ ನಮ್ಮ ಕರಾವಳಿಯ ಮೀನುಗಾರರಿಗೂ ಹೊರಗಿನಿಂದ ಬರುವವರಿಗೂ ಜಗಳಗಳೇ ಆಗಿವೆ. ಕಡ್ಡಿಯ ಕಟ್ಟು ಬಹಳ ಒಳ್ಳೆಯ ವಿನ್ಯಾಸ. ಬೊಂಡಾಸಿಗೆ ಏನು ಬೇಕೋ ಅದನ್ನೇ ಕೊಡುತ್ತದೆ. ಅದಕ್ಕೇ ಅದು ಅಷ್ಟು ಅಪಾಯ.

ಕೆಟ್ಟ ವಿನ್ಯಾಸದ ಕಥೆ ಫ್ಲಾರಿಡಾದ್ದು. 1970ರ ದಶಕದ ಶುರುವಿನಲ್ಲಿ ಫೋರ್ಟ್ ಲಾಡರ್‌ಡೇಲ್ ಎದುರು ಸುಮಾರು 20 ಲಕ್ಷ ಹಳೆ ಟಯರುಗಳನ್ನು ಕಟ್ಟಿ ಮುಳುಗಿಸಿದರು. ಓಸ್ಬೋರ್ನ್ ರೀಫ್ ಅಂತ ಹೆಸರು. ಕಟ್ಟು ತುಕ್ಕು ಹಿಡಿದು ಬಿಚ್ಚಿಕೊಂಡಿತು. ಟಯರು ಅಲೆಗೆ ಉರುಳಿ ಪಕ್ಕದ ನಿಜವಾದ ಹವಳವನ್ನು ಉಜ್ಜಿ ಹಾಕಿತು. ಇವತ್ತಿಗೂ ಹೆಕ್ಕುತ್ತಿದ್ದಾರೆ. ಅಲುಗಾಡುವ ಯಾವುದೂ ಬಂಡೆ ಆಗಲಾರದು.

ಇಷ್ಟು ಓದಿ, ನೋಡಿ, ನನಗೆ ಅನ್ನಿಸುವುದು ಇದು. ಸಮುದ್ರಕ್ಕೆ ಬಂಡೆ ಮಾಡುವಾಗ ಕಾಂಕ್ರೀಟ್ ಎಷ್ಟು ಹಾಕಿದೆವು ಅಂತ ಎಣಿಸುತ್ತೇವೆ, ಖಾಲಿ ಎಷ್ಟು ಬಿಟ್ಟೆವು ಅಂತ ಎಣಿಸುವುದಿಲ್ಲ. ಮೀನು ಇರುವುದು ಖಾಲಿಯಲ್ಲಿ. ಆ ಖಾಲಿ ಬೇರೆ ಬೇರೆ ಅಳತೆಯದ್ದಿರಬೇಕು. ಮುಕ್ಕಾಲು ಇಂಚು, ಒಂದೂವರೆ ಇಂಚು, ಎರಡಿಂಚು. ಕಿಟಕಿಯಂಥ ದೊಡ್ಡ ತೂತೂ ಇರಲಿ, ಆದರೆ ಎಲ್ಲದಕ್ಕೂ ಅದೇ ಬೇಡ. ಒಂದು ಊರಿನ ಎದುರು ಇಳಿಸುವ ನೂರೈವತ್ತರಲ್ಲಿ ಒಂದು ಮೂವತ್ತನ್ನಾದರೂ ಬರೀ ಸಣ್ಣ ತೂತಿನದ್ದು ಮಾಡಿ, ದೊಡ್ಡವುಗಳಿಂದ ದೂರ, ದಡದ ಕಡೆ, ಮರಿಗಳಿಗೆಂದೇ ಇಡಬಹುದು.

ತೂತು ಜಾಸ್ತಿಯಾದರೆ ಕಂಬಿಗೆ ಉಪ್ಪುನೀರು ತಾಗುತ್ತದೆ ಅಂತ ನನ್ನ ಜೊತೆ ಓದಿದ ಎಂಜಿನಿಯರ್ ಗೆಳತಿ ಆಕ್ಷೇಪ ತೆಗೆದಳು. ನ್ಯಾಯವಾದ ಮಾತು. ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456ರ ಪ್ರಕಾರ ಕಡಲ ನೀರಿಗೆ ಕಂಬಿ ಹಾಕಿದ ಕಾಂಕ್ರೀಟಿನ ಗಟ್ಟಿತನದ ದರ್ಜೆ ಕನಿಷ್ಠ ಎಂ30 ಇರಬೇಕು. ಕಂಬಿಯ ಸುತ್ತ ಹತ್ತಿರ ಹತ್ತಿರ ಎರಡಿಂಚು ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ ಬೇಕು. ಕಾಗದದ ಮೇಲೆ ಗೀಚಿ ತೋರಿಸಿದೆ. ಕಂಬಿಯನ್ನು ಆರಿಂಚಿಗೊಂದರಂತೆ ಕಟ್ಟಿದರೆ, ನಡುವೆ ನಾಲ್ಕಿಂಚಿನ ತೂತು ಬಿಟ್ಟಾಗ ಎರಡೂ ಬದಿಗೆ ಒಂದೊಂದೇ ಇಂಚು ಉಳಿಯುತ್ತದೆ. ಅದು ತುಕ್ಕಿಗೆ ದಾರಿ. ಎರಡಿಂಚಿನ ತೂತಾದರೆ ಹತ್ತಿರ ಹತ್ತಿರ ಎರಡೆರಡು ಇಂಚು. ಮುಕ್ಕಾಲು ಇಂಚಿನದ್ದಾದರೆ ಇನ್ನೂ ಜಾಸ್ತಿ. ಸಣ್ಣ ತೂತೇ ಕಾಂಕ್ರೀಟಿಗೂ ಒಳ್ಳೆಯದು, ಮರಿಗೂ ಒಳ್ಳೆಯದು. ಖರ್ಚು ಅಂದರೆ ಪೈಪಿನ ತುಂಡು, ಅದೂ ನೂರು ಸಲ ಬಳಸುವಂಥದ್ದು, ಮತ್ತೆ ಒಬ್ಬ ಹುಡುಗನ ಕಾಲು ಗಂಟೆ. ಅವಳು ಸ್ವಲ್ಪ ಹೊತ್ತು ಗೀಟುಗಳನ್ನೇ ನೋಡಿ, ಕೆಳಗಿನ ಸಾಲು ಬೇಡ, ಕೆಸರು ತುಂಬುತ್ತದೆ ಅಂದಳು. ಅದು ಸರಿ. ನನ್ನ ರಿಂಗಿನ ಕೆಳಗಿನ ಎಂಟು ತೂತುಗಳೂ ಮೊದಲ ಮಳೆಗಾಲಕ್ಕೇ ಮುಚ್ಚಿಹೋಗಿದ್ದವು. ನಮ್ಮ ಕಡೆ ಕಡಲಡಿಯೂ ಹಲವು ಕಡೆ ಕೆಸರೇ. ಮೊದಲ ಒಂದಡಿ ಬಿಟ್ಟೇ ತೂತು ಶುರುವಾಗಬೇಕು.

ಹೋದ ವಾರ ಹೊಸ ರಿಂಗ್ ಹಾಕಿದೆವು. ಕಂಬಿ ಇಲ್ಲ, ಎಂ30, ಅರ್ಧ ಸ್ಲ್ಯಾಗ್. ಎತ್ತರ ಎರಡಡಿ ಮಾಡಿದ್ದೇನೆ. ಕೆಳಗಿನ ಅಡಿ ಗಟ್ಟಿ, ಮೇಲಿನ ಅಡಿಯಲ್ಲಿ ಮೂರು ಅಳತೆಯ ಮೂವತ್ತು ತೂತು. ಹಸಿಯಿರುವಾಗಲೇ ಹೊರಮೈಯನ್ನು ತೆಂಗಿನ ನಾರಿನ ಬ್ರಷ್ಷಿನಿಂದ ಕೆರೆದು ತರಿ ಮಾಡಿದೆವು. ಅಷ್ಟು ಚೆಂದದ ಫಿನಿಶಿಂಗ್ ಯಾಕೆ ಹಾಳು ಮಾಡುತ್ತೀರಿ ಅಂತ ಹುಡುಗರು ಕೇಳಿದರು. ವಿಡಿಯೊ ತೋರಿಸಿದೆ. ಬ್ಲೆನಿ ಏಡಿಗೆ ಕುಟುಕುವುದನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ಅವರಲ್ಲೊಬ್ಬ ತಾನಾಗಿಯೇ ಒಂದು ಹಿಡಿ ಮರುವಾಯಿ ಚಿಪ್ಪು ತಂದು ಹಸಿ ಕಾಂಕ್ರೀಟಿನ ಮೇಲಂಚಿಗೆ ಒತ್ತಿದ.

28 ದಿನ ಕ್ಯೂರಿಂಗ್, ಆಮೇಲೆ ಒಂದು ತಿಂಗಳು ತೊಟ್ಟಿಯ ನೀರಿನಲ್ಲಿ. ಹೊಳೆ ತಿಳಿಯಾಗುವುದು ಹೇಗೂ ದೀಪಾವಳಿ ಕಳೆದ ಮೇಲೆ. ಮಾವ ದಿನಾ ಸಂಜೆ ಫೋನ್ ಮಾಡುತ್ತಾರೆ. ಒಂದೇ ಪ್ರಶ್ನೆ. "ಇವತ್ತ್ ನೀರ್ ಹಾಕಿದ್ಯಾ ಮಗಾ?"